ಹದಿನೇಳನೇ ನಂಬರಿನ ಸುರಂಗ

ಹಿಕ್ಕೆ ಹೆಕ್ಕುವುದೇ ಕಸುಬಾದವಳಿಗೆ ಹೇಸಿಗೆ ಇರಬಾರದು. ನನಗೂ ಇರಲಿಲ್ಲ. ಮುಳ್ಳುಹಂದಿಯ ಹಿಕ್ಕೆಯನ್ನು ಬೆರಳಲ್ಲಿ ಮುರಿದು, ಮೂಸಿ, ನಿನ್ನೆಯದೋ ಮೊನ್ನೆಯದೋ ಎಂದು ಹೇಳುತ್ತಿದ್ದೆ. ಅದೇ ಕೈಯನ್ನು ತೋಡಿನಲ್ಲಿ ತೊಳೆದು ಬುತ್ತಿಯ ಅನ್ನ ಕಲಸುತ್ತಿದ್ದೆ. ಮನೆಯವರು ಮೂಗು ಮುಚ್ಚಿಕೊಂಡರೆ ನನಗೆ ನಗು ಬರುತ್ತಿತ್ತು. ಆ ಒಂದು ಬೇಸಗೆಯಲ್ಲಿ ನನ್ನ ಹೊಟ್ಟೆ ತೊಳಸಿದ್ದು ಹಿಕ್ಕೆಗಲ್ಲ, ಬೇರೆ ಕೆಲವಕ್ಕೆ. ಅವುಗಳಲ್ಲಿ ಒಂದು ನಾನೇ.

ಕೆಲಸ ಹೀಗಿತ್ತು. ಮುಳ್ಳೇರಿಯ ದಾಟಿ ಬೆಳ್ಳೂರಿನ ಕಡೆಗೆ ಹೋದರೆ ಗುಡ್ಡದ ಬದಿಯಲ್ಲೆಲ್ಲ ಹಳೆಯ ಸುರಂಗಗಳಿವೆ. ನೀರಿಗಾಗಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದವು, ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಸುರಂಗಗಳನ್ನು ಜನ ಬಿಟ್ಟರು. ಜನ ಬಿಟ್ಟಲ್ಲಿಗೆ ಮುಳ್ಳುಹಂದಿ ಬಂತು. ಹಗಲಿಡೀ ಒಳಗೆ ಮಲಗಿ, ಕತ್ತಲಾದ ಮೇಲೆ ಹೊರಟು, ಬೆಳಕು ಹರಿಯುವ ಮೊದಲು ವಾಪಸು ಬರುವ ಪ್ರಾಣಿ. ಅವು ಎಷ್ಟಿವೆ, ಯಾವ ಸುರಂಗದಲ್ಲಿವೆ, ಮರಿ ಹಾಕುತ್ತವೆಯೇ ಎಂದು ಒಂದು ಬೇಸಗೆ ಪೂರ್ತಿ ನೋಡಿ ಬರೆಯುವುದು ನನಗೆ ಒಪ್ಪಿಸಿದ ಕೆಲಸ. ಯೋಜನೆಯ ಮುಖ್ಯಸ್ಥರು ದೂರದ ನಗರದಲ್ಲಿ ಕೂತು ಫೋನಿನಲ್ಲಿ ನಡೆಸುತ್ತಿದ್ದರು. ಗುಡ್ಡದಲ್ಲಿ ನಾನು, ಜೊತೆಗೆ ಒಬ್ಬ ಮೇಸ್ತ್ರಿ.

ಮೇಸ್ತ್ರಿ ಎಂದರೆ ಸುರಂಗ ಕೊರೆಯುವ ಮೇಸ್ತ್ರಿ. ಎಪ್ಪತ್ತು ದಾಟಿದ ಮುದುಕ. ಆ ಗುಡ್ಡದ ಅರ್ಧ ಸುರಂಗ ಅವನ ಪಿಕ್ಕಾಸಿನಿಂದಲೇ ಆದದ್ದು. ಸೊಂಟದಲ್ಲಿ ಯಾವಾಗಲೂ ಒಂದು ಮೋಂಬತ್ತಿ. ಒಳಗೆ ಹೋಗುವಾಗ ಅದನ್ನು ಹಚ್ಚಿ ಮುಂದೆ ಹಿಡಿಯುತ್ತಿದ್ದ. ದೀಪ ಸಣ್ಣಗಾಯಿತೆಂದರೆ ಗಾಳಿ ಇಲ್ಲ ಎಂದು ಅರ್ಥ, ತಿರುಗಿ ಬರುತ್ತಿದ್ದ. ನಮ್ಮ ಕಡೆ ನಾಲ್ಕಕ್ಷರ ಓದಿದ ಹೆಂಗಸೆಂದರೆ ಟೀಚರ್. ನಾನು ಒಂದು ದಿನವೂ ಪಾಠ ಮಾಡಿದವಳಲ್ಲದಿದ್ದರೂ ಅವನಿಗೆ ನಾನು ಟೀಚರ್ರೇ.

ಸುರಂಗದಲ್ಲಿ ಪ್ರಾಣಿ ಇದೆಯೋ ಇಲ್ಲವೋ ತಿಳಿಯಲು ನಾವು ಒಳಗೆ ಹೋಗುವಂತಿರಲಿಲ್ಲ. ಹೋದರೆ ಅದು ಹೆದರುತ್ತದೆ, ಬೇರೆ ಜಾಗ ಹುಡುಕುತ್ತದೆ, ಮರಿ ಇದ್ದರೆ ಬಿಟ್ಟೂ ಹೋದೀತು. ಅದಕ್ಕೆ ಕಡ್ಡಿಯ ಉಪಾಯ. ಗುಡಿಸುವ ಹಿಡಿಸೂಡಿಯ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಸುರಂಗದ ಬಾಯಿಗೆ ಅಡ್ಡಲಾಗಿ ನಾಲ್ಕು ಬೆರಳಿಗೊಂದರಂತೆ ಸಂಜೆ ಊರುವುದು. ಬೆಳಿಗ್ಗೆ ಬಂದು ನೋಡುವುದು. ಕಡ್ಡಿ ಹೊರಕ್ಕೆ ಬಾಗಿದ್ದರೆ ಪ್ರಾಣಿ ಹೊರಟಿದೆ, ಒಳಕ್ಕೆ ಬಾಗಿದ್ದರೆ ಬಂದಿದೆ. ನೆಟ್ಟಗೆ ನಿಂತಿದ್ದರೆ ಪುಸ್ತಕದಲ್ಲಿ ‘ಖಾಲಿ’ ಎಂದು ಬರೆಯುವುದು. ಕಡ್ಡಿಯ ಆಚೆ ಈಚೆ ಮುರಕಲ್ಲಿನ ಪುಡಿಯನ್ನು ಚಾ ಸೋಸುವ ಜರಡಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಸೋಸಿ ಹರಡುತ್ತಿದ್ದೆ. ಅದರ ಮೇಲೆ ಹೆಜ್ಜೆ ಮೂಡುತ್ತಿತ್ತು, ಹೆಜ್ಜೆಯ ಹಿಂದೆ ಬಾಲದ ಮುಳ್ಳು ಎಳೆದ ಗೆರೆ. ಹೆಜ್ಜೆಯ ಅಗಲ ಅಳೆದು, ಬಿದ್ದ ಮುಳ್ಳನ್ನು ಕಾಗದದ ಲಕೋಟೆಗೆ ಹಾಕಿ, ದಿನ ಬರೆದು ಇಡುತ್ತಿದ್ದೆ. ಪ್ಲಾಸ್ಟಿಕ್‌ನಲ್ಲಿಟ್ಟರೆ ಬೂಸ್ಟು ಹಿಡಿದು ಡಿಎನ್‌ಎ ಕೆಡುತ್ತದೆ.

ಪ್ರಾಣಿಗೆ ನಾವು ಬಂದದ್ದೇ ಗೊತ್ತಾಗಬಾರದು ಎಂಬುದು ಮುಖ್ಯಸ್ಥರು ಗಿಳಿಪಾಠ ಮಾಡಿಸಿದ ನಿಯಮ. ಸಾಬೂನು ಹಾಕಿ ಮಿಂದು ಬರಬಾರದು. ಸುರಂಗದ ನೇರ ಎದುರು ನಿಲ್ಲಬಾರದು. ಮಾತು ಪಿಸುಮಾತಿನಲ್ಲಿ. ಕ್ಯಾಮರಾ ಬಾಯಿಯ ಬದಿಗೆ, ಮೊಣಕಾಲೆತ್ತರದಲ್ಲಿ, ಬೆಳಕು ಕಣ್ಣಿಗೆ ಬೀಳದ ಜಾತಿಯದ್ದು. ತಿನ್ನಲು ಏನನ್ನೂ ಇಟ್ಟು ಆಸೆ ತೋರಿಸಬಾರದು. ಇಷ್ಟೆಲ್ಲ ಸೂಕ್ಷ್ಮ ಮಾಡಿದ ನಾವು, ಪ್ರಾಣಿ ಇರುವ ಪ್ರತಿಯೊಂದು ಸುರಂಗದ ಹಣೆಗೂ ಹಳದಿ ಎನಾಮಲ್ ಪೇಂಟಿನಲ್ಲಿ ಅಂಗೈ ಅಗಲದ ನಂಬರು ಬರೆದೆವು.

ಅದಕ್ಕೂ ಕಾರಣ ಇತ್ತು. ರಬ್ಬರ್ ಮರಗಳ ಅಡಿಯಲ್ಲಿ ಜಿಪಿಎಸ್ ಹತ್ತು ಹೆಜ್ಜೆ ಅತ್ತಿತ್ತ ತೋರಿಸುತ್ತದೆ. ಸುರಂಗಗಳು ಕೆಲವು ಕಡೆ ಐದು ಹೆಜ್ಜೆಗೊಂದು. ಇಂದು ನೋಡಿದ್ದನ್ನೇ ನಾಳೆ ನೋಡುತ್ತಿದ್ದೇನೆ ಎಂದು ಖಾತ್ರಿಯಾಗಬೇಕಾದರೆ ಅಳಿಸದ ಗುರುತು ಬೇಕು. ಖಾಲಿ ಸುರಂಗಗಳಿಗೆ ನಂಬರು ದಂಡ, ಸಕ್ರಿಯವಾದವಕ್ಕೆ ಮಾತ್ರ ಹಾಕಿ ಎಂದರು ಮುಖ್ಯಸ್ಥರು. ಮೂವತ್ತರಷ್ಟು ಸುರಂಗಗಳಲ್ಲಿ ಹನ್ನೊಂದರ ಕಡ್ಡಿ ಬಿದ್ದವು. ಹನ್ನೊಂದಕ್ಕೆ ನಂಬರು ಬಿತ್ತು.

ನಾನು ಕುಂಚ ಹಿಡಿದು ಒಂದನೆಯದನ್ನು ಬರೆಯುವಾಗ ಮೇಸ್ತ್ರಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ.

“ಡೋರ್ ನಂಬ್ರ ಆಯ್ತಲ್ಲ ಟೀಚರೆ. ಇನ್ನು ಅವಕ್ಕೂ ಪೋಸ್ಟು ಬರ್ಬಹುದು.”

ನಾನು ನಕ್ಕು ಎರಡನೆಯದಕ್ಕೆ ಹೋದೆ.

ಗುಡ್ಡದ ಯಜಮಾನ ಬಹಳ ಒಳ್ಳೆಯ ಮನುಷ್ಯ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಗಲ್ಫ್‌ನಿಂದ ವಾಪಸು ಬಂದು ರಬ್ಬರ್, ಗೇರು ಮಾಡಿಕೊಂಡವರು. ನಮಗೆ ಗುಡ್ಡ ಹತ್ತಲು ಬಿಟ್ಟದ್ದಲ್ಲದೆ ವಾರಕ್ಕೆರಡು ದಿನ ಮನೆಗೆ ಕರೆದು ಊಟ ಹಾಕುತ್ತಿದ್ದರು. ಅವರಿಗೆ ದಮ್ಮು. ಮಾತಿನ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಶಬ್ದ ಕೇಳಿದರೆ ನಮಗೇ ಎದೆ ಬಿಗಿಯುತ್ತಿತ್ತು. ಫೆಬ್ರವರಿಯ ಒಂದು ದಿನ ಅವರ ಮನೆಯ ಜಗಲಿಯಲ್ಲಿ ಕೂತು ನಾನು ಫೋನು ತೆರೆದು ಒಂದು ಚಿತ್ರ ತೋರಿಸಿದೆ. ಏಳನೇ ನಂಬರಿನ ಕ್ಯಾಮರಾದಲ್ಲಿ ಸಿಕ್ಕಿದ್ದು. ಮುಂದೆ ಗಂಡು, ಹಿಂದೆ ಹೆಣ್ಣು, ನಡುವೆ ಒಂದು ಮರಿ. ಮುಳ್ಳು ಇನ್ನೂ ಗಟ್ಟಿಯಾಗದೆ ಬಿಳಿ ಕೂದಲಿನಂತೆ ಮಲಗಿತ್ತು. ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅದನ್ನು ಹಾಲಿನವನಿಗೂ ಬಸ್ಸಿನ ಕಂಡಕ್ಟರಿಗೂ ತೋರಿಸದೆ ಬಿಟ್ಟದ್ದೇ ಪುಣ್ಯ. ಯಜಮಾನರು ಫೋನು ಕೈಗೆ ತೆಗೆದುಕೊಂಡು ದೊಡ್ಡದು ಮಾಡಿ ನೋಡಿದರು.

“ಎಳತು ಉಂಟಲ್ಲ ಮರಿ!” ಎಂದರು.

ಹೌದೆಂದು ಹೆಮ್ಮೆಯಿಂದ ತಲೆಯಾಡಿಸಿದೆ.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಒಂಬತ್ತನೇ ನಂಬರಿನ ಹತ್ತಿರ ಹೋಗುವಾಗಲೇ ಘಾಟು ಹೊಡೆಯಿತು. ತೆಂಗಿನ ಸಿಪ್ಪೆ ಸುಟ್ಟ ವಾಸನೆ, ಅದರೊಳಗೆ ಒಣಮೆಣಸಿನದ್ದು. ಮೇಸ್ತ್ರಿ ಕೆಮ್ಮಿದ. ಸುರಂಗದ ಬಾಯಿ ಮೇಲಿನಿಂದ ಕೆಳಗಿನವರೆಗೆ ಮಸಿ. ನಂಬರಿಗೆ ಮಾತ್ರ ಏನೂ ಆಗಿರಲಿಲ್ಲ, ಹಳದಿ ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಬಾಯಿಗೆ ಗೋಣಿ ಕಟ್ಟಿದ ಎರಡು ಗೂಟಗಳು ಹಾಗೆಯೇ ಇದ್ದವು. ಹೊಗೆ ಹಾಕುವುದು, ಉಸಿರು ಕಟ್ಟಿ ಹೊರಗೆ ಓಡಿ ಬಂದದ್ದು ಗೋಣಿಗೆ ಬೀಳುವುದು, ಮೇಲೆ ದೊಣ್ಣೆ. ಹಿಂದಿನ ಸಂಜೆ ನಾವು ಇಳಿದ ಮೇಲೆ, ಪ್ರಾಣಿ ಹೊರಡುವ ಮೊದಲೇ ಬಂದಿರಬೇಕು. ನನ್ನ ಕಡ್ಡಿಗಳು ಪುಡಿಯಾಗಿದ್ದವು. ನಾನು ಅಷ್ಟು ಶ್ರದ್ಧೆಯಿಂದ ಸೋಸಿ ಹಾಕಿದ ಹುಡಿಯಲ್ಲಿ ಮೂರು ಜೊತೆ ಚಪ್ಪಲಿಯ ಅಚ್ಚು ಅಂಗಡಿಯಲ್ಲಿಟ್ಟ ಹಾಗೆ ಸ್ಪಷ್ಟವಾಗಿ ಮೂಡಿತ್ತು. ರಕ್ತ ಹೆಪ್ಪುಗಟ್ಟಿ ಅದೇ ಹುಡಿಯನ್ನು ಕುಡಿದಿತ್ತು. ಪಕ್ಕದ ಗೇರುಮರದ ಬುಡದಲ್ಲಿ ಕರುಳು, ಮೇಲೆ ನೊಣ, ಸುತ್ತ ಕಿತ್ತ ಮುಳ್ಳು. ಹೊಟ್ಟೆಯ ಚೀಲ ಮಾತ್ರ ಕಾಣಲಿಲ್ಲ.

ನಾನು ಎಂತ ಮಾಡಿದೆ ಗೊತ್ತೇ? ಅಭ್ಯಾಸದ ಬಲದಿಂದ ಅಳತೆಪಟ್ಟಿ ತೆಗೆದು ಚಪ್ಪಲಿಯ ಅಚ್ಚಿನ ಅಗಲ ಅಳೆದೆ. ಅಳೆದು ಪುಸ್ತಕದಲ್ಲಿ ಬರೆದ ಮೇಲೆ ಅದೇ ಗೇರುಮರದ ಇನ್ನೊಂದು ಬದಿಗೆ ಹೋಗಿ ವಾಂತಿ ಮಾಡಿದೆ.

ಮುಖ್ಯಸ್ಥರಿಗೆ ಫೋನು ಮಾಡಿದೆ. ಸಮಾಧಾನ ಹೇಳುತ್ತಾರೆ ಎಂದುಕೊಂಡೆ. “ಸ್ಕೇಲ್ ಇಟ್ಟು ಫೋಟೋ ತೆಗೆದಿರಲ್ಲ?” ಎಂದು ಕೇಳಿದರು. ಬೇಟೆಯಿಂದಾದ ಸಾವಿನ ನೇರ ದಾಖಲೆ ಅಪರೂಪವಂತೆ. ಪ್ರಬಂಧಕ್ಕೆ ಬೆಲೆ ಬರುತ್ತದಂತೆ. ಮುಂದುವರಿಸಿ, ವಿಧಾನದಲ್ಲಿ ಏನೂ ಬದಲಾವಣೆ ಬೇಡ, ನಡುವೆ ಬದಲಿಸಿದರೆ ಇಡೀ ಬೇಸಗೆಯ ಲೆಕ್ಕ ಕೆಡುತ್ತದೆ ಎಂದರು. ಅವರ ದನಿಯಲ್ಲಿ ಸಣ್ಣ ಉತ್ಸಾಹ ಇತ್ತು. ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದೆನೋ, ಫೋನಿನಲ್ಲಿ “ಸರಿ ಸರ್” ಎಂದೆ. ಆ “ಸರಿ ಸರ್” ನೆನಪಾದರೆ ಈಗಲೂ ನನ್ನ ಬಾಯಿ ತೊಳೆದುಕೊಳ್ಳಬೇಕೆನಿಸುತ್ತದೆ.

ಹತ್ತು ದಿನ ಕಳೆದು ಮೂರನೇ ನಂಬರು ಹೋಯಿತು. ಅದೇ ಮಸಿ, ಅದೇ ಗೂಟ. ಅಷ್ಟಾದರೂ ನನ್ನ ತಲೆಗೆ ಹೋಗಲಿಲ್ಲ. ಮೂವತ್ತು ಸುರಂಗಗಳಲ್ಲಿ ಒಂದೇ ಒಂದು ಖಾಲಿಯದ್ದಕ್ಕೂ ಹೊಗೆ ಬಿದ್ದಿರಲಿಲ್ಲ, ಆದರೂ ಬೇಟೆಯವರು ಜಾಣರು, ವಾಸನೆ ಹಿಡಿಯುತ್ತಾರೆ ಎಂದುಕೊಂಡೆ. ಮೇಸ್ತ್ರಿಗೆ ಗೊತ್ತಾಗಿತ್ತೋ ಏನೋ. ಅವನು ನಂಬರಿನ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದ.

ಹೇಳಿದ್ದು ಯಜಮಾನರು. ಏಪ್ರಿಲ್ ಎರಡನೇ ವಾರದ ಬುಧವಾರ, ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ಉಸಿರು ಎಂದಿಗಿಂತ ಹಗುರವಾಗಿತ್ತು. ನಾನೇ ಕೇಳಿದೆ, ಈಗ ಹೇಗಿದೆ ಎಂದು. ಅವರು ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಮೇಲಿನ ಅಟ್ಟದಿಂದ ಬಾಳೆನಾರಿನಲ್ಲಿ ಕಟ್ಟಿದ ಒಂದು ವಸ್ತು ತಂದು ನನ್ನ ತಟ್ಟೆಯ ಪಕ್ಕದಲ್ಲೇ ಇಟ್ಟರು. ಕಪ್ಪಗೆ, ಸುಕ್ಕುಗಟ್ಟಿ, ಮುಷ್ಟಿಯಷ್ಟು. ಹೊಗೆಯ ವಾಸನೆಯ ಅಡಿಯಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು ವಾಸನೆ, ಬೆಳಿಗ್ಗೆ ಬೆಳಿಗ್ಗೆ ಬೆರಳಲ್ಲಿ ಮುರಿದು ಮೂಸುವ ವಾಸನೆ.

“ಮುಳ್ಳುಹಂದಿದು ಹೊಟ್ಟೆ,” ಎಂದರು. “ಅದು ಕಾಡಿನ ಬೇರು ನಾರು ಎಲ್ಲ ತಿನ್ನುದಲ್ವಾ, ಮದ್ದು ಪೂರಾ ಇದರೊಳಗೆ ಉಂಟು. ಚೂರು ಕೆರೆದು ಬಿಸಿನೀರಿಗೆ ಹಾಕಿ ಕುಡಿದ್ರೆ ದಮ್ಮು ಇಳೀತದೆ. ಇದು ನಿಮ್ಮ ಒಂಬತ್ತನೇದ್ದು.”

ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಡಾಕ್ಟರು ಕೊಟ್ಟ ಇನ್ಹೇಲರ್ ಇತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಅವರು ನಕ್ಕರು.

“ಅದೂ ತೆಗೊಳ್ತೇನೆ ಮಾರಾಯ್ತಿ. ಎರಡೂ ಇರ್ಲಿ.”

ಆಮೇಲೆ ಅವರು ನನಗೆ ಕೃತಜ್ಞತೆ ಹೇಳಿದರು. ಅಕ್ಷರಶಃ ಕೈ ಮುಗಿದು. “ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಟೀಚರೆ. ಮೊದಲು ಹತ್ತು ಸುರಂಗಕ್ಕೆ ಹೊಗೆ ಹಾಕಿದ್ರೆ ಒಂದರಲ್ಲಿ ಸಿಗ್ತಿತ್ತು. ಸಿಪ್ಪೆಯೂ ದಂಡ, ದಿನವೂ ದಂಡ. ಈಗ ನಂಬ್ರ ನೋಡಿದ್ರೆ ಆಯ್ತಲ್ಲ. ನಮ್ಮ ಭಾವನವರ ಕಡೆಯವರೆಲ್ಲ ಹೇಳ್ತಾರೆ, ಸರ್ಕಾರದ ಕೆಲಸ ಅಂದ್ರೆ ಹೀಗಿರ್ಬೇಕು ಅಂತ.”

ನಾನು ತಟ್ಟೆಯನ್ನು ಆ ವಸ್ತುವಿನಿಂದ ದೂರ ಸರಿಸಿದೆ. ಅವರಿಗೆ ನಾಚಿಕೆ ಇರಲಿಲ್ಲ, ಕಪಟವೂ ಇರಲಿಲ್ಲ. ನಾನು ಲೆಕ್ಕ ಮಾಡುವುದೇ ಇದಕ್ಕಾಗಿ ಎಂದು ಪ್ರಾಮಾಣಿಕವಾಗಿ ನಂಬಿದ್ದರು.

“ಈ ಆದಿತ್ಯವಾರ ಭಾವನವರು ಪುನಃ ಬರ್ತಾರೆ,” ಎಂದರು. “ನೀವು ಫೋನಲ್ಲಿ ತೋರಿಸಿದ್ದು ಮರಿ ಉಂಟಲ್ಲ, ಎಳತರದ್ದು ಹೊಟ್ಟೆ ಇನ್ನೂ ಒಳ್ಳೇದಂತೆ. ಅದು ಯಾವ ನಂಬ್ರ?”

ನನಗೆ ಆ ಕ್ಷಣದಲ್ಲಿ ಹೊಳೆದದ್ದು ಏಳು ಎಂದು ಹೇಳಬಾರದು ಎಂಬುದೊಂದೇ. “ಹದಿನೇಳು,” ಎಂದೆ.

ಅವರು ಹುಬ್ಬು ಗಂಟಿಕ್ಕಿದರು. “ಹನ್ನೊಂದರವರೆಗೆ ಅಲ್ವಾ ಇದ್ದದ್ದು?”

“ಹೊಸತಾಗಿ ಹಾಕಿದ್ದು. ಇಪ್ಪತ್ತರವರೆಗೆ ಉಂಟು ಈಗ.”

ಕೈ ತೊಳೆದು ಹೊರಟೆ. ಹದಿನೇಳನೇ ನಂಬರು ಆ ಗುಡ್ಡದಲ್ಲಿ ಎಲ್ಲಿಯೂ ಇರಲಿಲ್ಲ.

ಅಲ್ಲಿಂದ ಸೀದಾ ಅರಣ್ಯ ಇಲಾಖೆಯ ಒಬ್ಬ ಅಧಿಕಾರಿಯ ಹತ್ತಿರ ಹೋದೆ. ನಮ್ಮ ಅನುಮತಿ ಪತ್ರಕ್ಕೆ ಸಂಬಂಧಪಟ್ಟವರು, ಮುಖ ಪರಿಚಯ ಇತ್ತು. ಅವರು ಪೂರ್ತಿ ಕೇಳಿದರು. ಭಾನುವಾರ ಅವರಿಗೂ ಅವರ ಜನರಿಗೂ ಬೇರೊಂದು ಕಡೆ ತೋಟಕ್ಕೆ ಇಳಿದ ಆನೆಗಳನ್ನು ಅಟ್ಟುವ ಕೆಲಸ, ಸೋಮವಾರ ಖಂಡಿತ ಬಂದು ಮಹಜರು ಬರೆಯುತ್ತೇನೆ ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು:

“ಕೇಸ್ ಮಾಡುವ. ಆದ್ರೆ ಅವ್ರು ವಕೀಲರನ್ನು ಹಿಡಿದ್ರೆ ಮೊದಲು ಕೇಳುದು ಎಂತ ಗೊತ್ತುಂಟಾ? ಪ್ರಾಣಿ ಎಲ್ಲಿ ಉಂಟು ಅಂತ ಬೋರ್ಡ್ ಹಾಕಿದ್ದು ಯಾರು ಅಂತ. ನಿಮಗೆ ಆ ಪೇಂಟ್ ಹಾಕ್ಲಿಕ್ಕೆ ನಾವು ಅನುಮತಿ ಕೊಟ್ಟಿದ್ದೇವಾ?”

ಕೊಟ್ಟಿರಲಿಲ್ಲ. ನಾವು ಕೇಳಿರಲೂ ಇಲ್ಲ. ಪೇಂಟಿನ ವಿಷಯ ಯಾರಿಗೂ ಕೇಳುವಂಥದ್ದು ಎಂದು ಅನಿಸಿರಲಿಲ್ಲ.

ಗುರುವಾರ ಬೆಳಿಗ್ಗೆ ಟರ್ಪಂಟೈನ್, ತಂತಿಬ್ರಶ್ಶು ಹಿಡಿದು ಗುಡ್ಡ ಹತ್ತಿದೆವು. ಮುರಕಲ್ಲು ತೂತು ತೂತಾದ ಕಲ್ಲು, ಪೇಂಟನ್ನು ಒಳಗೆ ಕುಡಿದುಬಿಟ್ಟಿರುತ್ತದೆ. ಐದನೇ ನಂಬರನ್ನು ಉಜ್ಜಿದರೆ ಹಳದಿ ಹರಡಿ ಮೊದಲಿಗಿಂತ ದೊಡ್ಡದಾಗಿ ದೂರಕ್ಕೆ ಕಾಣತೊಡಗಿತು. ಪಿಕ್ಕಾಸಿನಲ್ಲಿ ಕೆತ್ತಿ ತೆಗೆಯಲು ಸಾಧ್ಯವಿತ್ತು, ಆದರೆ ಪ್ರಾಣಿ ಒಳಗೆ ಮಲಗಿರುವಾಗ ಬಾಗಿಲಲ್ಲಿ ಕಲ್ಲು ಕಡಿಯುವುದೆಂದರೆ ನಾವೇ ಓಡಿಸಿದ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಯಜಮಾನರ ಮೇಲೆ, ಅವರ ಭಾವನವರ ಮೇಲೆ, ಫೋನಿನಲ್ಲಿ ಉತ್ಸಾಹಗೊಂಡವರ ಮೇಲೆ, ಎಲ್ಲರ ಮೇಲೂ ಒಂದು ರೀತಿಯ ಅಸಹ್ಯ. ಕಲ್ಲಿನ ಮೇಲೆ ಕೂತು ಯೋಚಿಸಿ ನಿರ್ಧಾರ ಮಾಡಿದೆ. ನಂಬರನ್ನು ನಂಬುವವರಿಗೆ ನಂಬರೇ ಕೊಡೋಣ.

ಪ್ರಾಣಿ ಇದ್ದ ಒಂಬತ್ತು ಸುರಂಗಗಳ ನಂಬರಿನ ಮೇಲೆ ಮೇಸ್ತ್ರಿ ಸದ್ದಿಲ್ಲದೆ ಹಸಿ ಕೆಂಪುಮಣ್ಣು ಮೆತ್ತಿದ. ಒಣಗಿದರೆ ಉದುರುತ್ತದೆ, ಆದರೆ ಭಾನುವಾರದವರೆಗೆ ನಿಲ್ಲುತ್ತದೆ. ನಾನು ಖಾಲಿ ಸುರಂಗಗಳಿಗೆ ಹನ್ನೆರಡರಿಂದ ಇಪ್ಪತ್ತರವರೆಗೆ ನಂಬರು ಬರೆದೆ. ಹದಿನೇಳಕ್ಕೆ ನಾನು ಆರಿಸಿದ್ದು ಏಳನೆಯದರಿಂದ ಆದಷ್ಟು ದೂರದ್ದು, ಗುಡ್ಡದ ಆಚೆ ಬದಿಯಲ್ಲಿ ಬಿದಿರ ಮೆಳೆಯ ಹಿಂದಿನ ಉದ್ದದ ಸುರಂಗ. ಡಿಸೆಂಬರಿನಿಂದ ಅದರ ಒಂದು ಕಡ್ಡಿಯೂ ಬಿದ್ದದ್ದಿಲ್ಲ. ನಂಬರಷ್ಟೇ ಸಾಲದೆಂದು ಚೀಲದಲ್ಲಿದ್ದ ಲಕೋಟೆಗಳನ್ನೂ ಹರಿದೆ. ನಾಲ್ಕು ತಿಂಗಳು ದಿನ ಬರೆದು ಇಟ್ಟ ಮುಳ್ಳುಗಳನ್ನು ಸುರಂಗದ ಬಾಯಲ್ಲಿ ಚೆಲ್ಲಿದೆ, ಒಣ ಹಿಕ್ಕೆಯನ್ನು ನೀರಲ್ಲಿ ನೆನೆಸಿ ಹೊಸದರಂತೆ ಹರಡಿದೆ. ಆ ಬೇಸಗೆಯ ಡಿಎನ್‌ಎ ಅಧ್ಯಯನ ಅಲ್ಲಿಗೆ ಮುಗಿಯಿತು. ಮುಖ್ಯಸ್ಥರಿಗೆ ಗೊತ್ತಾದರೆ ನನ್ನ ಕೆಲಸವೂ ಮುಗಿಯುತ್ತಿತ್ತು. ಹರಿಯುವಾಗ ಒಂದು ರೀತಿಯ ಖುಷಿ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೇಸ್ತ್ರಿ ಬಾಗಿ ಸುರಂಗದ ಒಳಗಿನ ಕತ್ತಲಿಗೆ ಮೂಗು ಹಿಡಿದ.

“ಇದರೊಳಗೆ ನಾನು ಹೋಗದೆ ವರ್ಷ ಆಯ್ತು ಟೀಚರೆ. ಒಂದು ಸಲ ಮೋಂಬತ್ತಿ ಹಿಡಿದು ನೋಡಿ ಬರ್ಲಾ?”

ಒಳಗಿನಿಂದ ಹುಳಿ ಹುಳಿಯಾದ ಒಂದು ವಾಸನೆ ಬರುತ್ತಿತ್ತು. ನನ್ನ ಮೂಗಿಗೂ ಬಂತು. ಹಿಕ್ಕೆಯ ವಾಸನೆಯಲ್ಲೇ ಜೀವನ ಮಾಡುವವಳಿಗೆ ಅದು ಯಾವುದರದ್ದೆಂದು ಒಂದು ನಿಮಿಷ ನಿಂತು ಯೋಚಿಸಿದ್ದರೆ ಗೊತ್ತಾಗುತ್ತಿತ್ತು.

“ಕಡ್ಡಿ ಒಂದು ದಿನ ಬೀಳ್ಲಿಲ್ಲ ಅಜ್ಜ. ಖಾಲಿಯೇ ಅದು. ಇನ್ನೂ ಮೂರಕ್ಕೆ ನಂಬರು ಹಾಕ್ಲಿಕ್ಕೆ ಉಂಟು,” ಎಂದೆ.

ಅವನು ಮೋಂಬತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಶನಿವಾರ ಸಂಜೆ ಏಳನೆಯದಕ್ಕೆ ಕಡ್ಡಿ ಊರಿ, ಹುಡಿ ಸೋಸಿ ಬಂದೆ. ಭಾನುವಾರ ಇಡೀ ದಿನ ಮನೆಯಲ್ಲಿ ಅನ್ನ ಸೇರಲಿಲ್ಲ. ಸೋಮವಾರ ಬೆಳಕಾಗುವಾಗ ಮುಳ್ಳೇರಿಯದಲ್ಲಿ ಆಟೋ ಹಿಡಿದು ಗುಡ್ಡದ ಬುಡ ತಲುಪಿದೆ. ಮೇಸ್ತ್ರಿ ಮೊದಲೇ ಬಂದು ಕೂತಿದ್ದ.

ಮೊದಲು ಏಳಕ್ಕೆ. ಕಡ್ಡಿಗಳಲ್ಲಿ ಕೆಲವು ಹೊರಕ್ಕೆ, ಕೆಲವು ಒಳಕ್ಕೆ. ಹುಡಿಯ ಮೇಲೆ ದೊಡ್ಡ ಹೆಜ್ಜೆ, ಅದರ ಮೇಲೆ ಇನ್ನೊಂದು ದೊಡ್ಡ ಹೆಜ್ಜೆ, ಬದಿಯಲ್ಲಿ ದಾರಿ ತಪ್ಪಿದ ಹಾಗೆ ಅತ್ತಿತ್ತ ಸುತ್ತಿದ ಸಣ್ಣ ಹೆಜ್ಜೆ. ಮೂರೂ ಒಳಗೆ ಹೋಗಿದ್ದವು. ಮಣ್ಣು ಒಂದು ಮೂಲೆಯಲ್ಲಿ ಉದುರಿ ಹಳದಿ ಇಣುಕುತ್ತಿತ್ತು, ಅಷ್ಟೆ. ನಾನು ನಿಯಮ ಮರೆತು ಸುರಂಗದ ಎದುರೇ ಕೂತು ಅತ್ತೆ. ಮೇಸ್ತ್ರಿ ಪಿಸುಮಾತಿನಲ್ಲಿ, “ಏಳಿ ಟೀಚರೆ, ಅವು ನಿದ್ದೆ ಮಾಡ್ಲಿ,” ಎಂದ.

ಗುಡ್ಡ ದಾಟಿ ಹದಿನೇಳಕ್ಕೆ ಹೋದೆವು. ಮಸಿ, ಗೂಟ, ಮೆಣಸಿನ ಘಾಟು. ಬಾಯಲ್ಲಿ ರಕ್ತ ಇರಲಿಲ್ಲ. ನಾನು ಚೆಲ್ಲಿದ ಮುಳ್ಳುಗಳನ್ನು ಚಪ್ಪಲಿಗಳು ತುಳಿದು ಮಣ್ಣಿಗೆ ಹುಗಿದಿದ್ದವು. ಎಷ್ಟು ಹೊತ್ತು ಹೊಗೆ ಹಾಕಿ ಕಾದಿದ್ದಾರೋ, ಸಿಪ್ಪೆಯ ಬೂದಿ ಮೊಣಕಾಲಿನ ತನಕ ಬಿದ್ದಿತ್ತು. ನನಗೆ ಜೋರಾಗಿ ನಗು ಬಂತು. ಚೆನ್ನಾಗಿ ಆಯಿತು ಎಂದು ಗಟ್ಟಿಯಾಗಿ ಹೇಳಿದೆ.

ಮೇಸ್ತ್ರಿ ನಗಲಿಲ್ಲ. ಮೋಂಬತ್ತಿ ಹಚ್ಚಿ ಒಳಗೆ ಹೋದ. ತುಂಬಾ ಹೊತ್ತು ಬರಲಿಲ್ಲ. ದೀಪ ಆರಿತೋ ಎಂದು ಹೆದರಿ ಕೂಗಿದೆ. ಬಂದವನ ಮುಂಡಿನ ಮಡಿಲಲ್ಲಿ ಏನೋ ಇತ್ತು. ಬಿಚ್ಚಿ ತೋರಿಸಿದ.

ಬಾವಲಿಗಳು. ಹೆಬ್ಬೆರಳಿನಷ್ಟು ಮೈಯ, ಕೀಟ ತಿನ್ನುವ ಸಣ್ಣ ಬಾವಲಿಗಳು. ಒಂದರ ಎದೆಗೆ ಕೂದಲು ಬಾರದ ಗುಲಾಬಿ ಬಣ್ಣದ ಮರಿ ಕಚ್ಚಿಕೊಂಡೇ ಸತ್ತಿತ್ತು. ಇನ್ನೊಂದಕ್ಕೂ ಹಾಗೆಯೇ.

“ಕೆಳಗೆ ಕಾಲಿಡ್ಲಿಕ್ಕೆ ಜಾಗ ಇಲ್ಲ,” ಎಂದ ಮೇಸ್ತ್ರಿ.

ನಾನೂ ಒಳಗೆ ಹೋದೆ. ಮೋಂಬತ್ತಿಯ ಬೆಳಕಿನಲ್ಲಿ ನೆಲ ಕಾಣಲಿಲ್ಲ, ಮುಚ್ಚಿದ ರೆಕ್ಕೆಗಳೇ ಕಂಡವು. ಕೆಲವು ಇನ್ನೂ ಅಲ್ಲಾಡುತ್ತಿದ್ದವು. ಹುಳಿ ವಾಸನೆ ಇಲ್ಲಿಂದ ಬಂದದ್ದು. ಡಿಸೆಂಬರಿನಿಂದ ಪ್ರತಿ ಸಂಜೆ ಅವು ನನ್ನ ಗೇಣುದ್ದದ ಕಡ್ಡಿಗಳ ಮೇಲಿಂದ ಹಾರಿ ಹೊರಗೆ ಹೋಗಿವೆ, ಕಡ್ಡಿಗಳ ಮೇಲಿಂದಲೇ ಹಾರಿ ಒಳಗೆ ಬಂದಿವೆ. ಒಂದು ಕಡ್ಡಿಯನ್ನೂ ಬೀಳಿಸಲಿಲ್ಲ. ನಾನು ಬೆಳಿಗ್ಗೆ ಬಂದು ನೆಟ್ಟಗೆ ನಿಂತ ಕಡ್ಡಿ ನೋಡಿ ಬರೆದು ಹೋದೆ. ಆಮೇಲೆ ಅವುಗಳ ಬಾಗಿಲಿಗೆ ನಾನೇ ನಂಬರು ಹಾಕಿದೆ, ನಾನೇ ಮುಳ್ಳು ಚೆಲ್ಲಿ ಕರೆಸಿದೆ. ಯಜಮಾನರ ಭಾವನವರಿಗೆ ಈ ಸುರಂಗ ಇರುವುದೇ ಗೊತ್ತಿರಲಿಲ್ಲ.

ಅಲ್ಲಾಡುತ್ತಿದ್ದವನ್ನು ಬಟ್ಟೆಯಲ್ಲಿ ಎತ್ತಿ ಹೊರಗೆ ತಂದು ಬಿದಿರಿನ ನೆರಳಿಗೆ ತೂಗುಹಾಕಿದೆವು. ನಾಲ್ಕೈದು ಹಿಡಿದುಕೊಂಡವು, ಉಳಿದವು ಜಾರಿ ಬಿದ್ದವು. ಸತ್ತದ್ದನ್ನು ಮೇಸ್ತ್ರಿ ಬುಟ್ಟಿಯಲ್ಲಿ ತುಂಬಿ ತುಂಬಿ ತಂದ, ನಾನು ಎಣಿಸಿದೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ವರದಿಯಲ್ಲಿ ಬರೆದಿದ್ದೇನೆ, ಸಾವಿನ ಕಾರಣದ ಎದುರು ‘ಸಂಶೋಧಕಿ ಹಾಕಿದ ಸುಳ್ಳು ಗುರುತು’ ಎಂದು. ಬಾವಲಿ ನಮ್ಮ ಯೋಜನೆಯೊಳಗೆ ಬರುವುದಿಲ್ಲ, ಆ ಸಾಲು ತೆಗೆಯಿರಿ ಎಂದು ಮುಖ್ಯಸ್ಥರು ಎರಡು ಸಲ ಫೋನು ಮಾಡಿದರು. ಆ ಸಲ “ಸರಿ ಸರ್” ಎನ್ನಲಿಲ್ಲ. ಮುಂದಿನ ಬೇಸಗೆಗೆ ಅವರು ಬೇರೆಯವರನ್ನು ಹುಡುಕಿಕೊಂಡರು.

ಅಂದು ಅಧಿಕಾರಿ ಹೇಳಿದಂತೆ ಮಧ್ಯಾಹ್ನ ಬಂದರು. ಮಸಿಯ ಫೋಟೋ ತೆಗೆದರು, ಬುಟ್ಟಿ ನೋಡಿ ಮಹಜರು ಬರೆದರು. ನನ್ನ ಹೇಳಿಕೆಯಲ್ಲಿ ನಂಬರಿನ ವಿಷಯ ಪೂರ್ತಿ ಹೇಳಿ ರುಜು ಹಾಕಿದೆ. ಯಜಮಾನರ ಅಡುಗೆಮನೆಯ ಅಟ್ಟದಲ್ಲಿ ಅಷ್ಟರಲ್ಲಿ ಏನೂ ಇರಲಿಲ್ಲ. ಮುಂದಿನ ವಾರಗಳಲ್ಲಿ, ಪ್ರಾಣಿಗಳು ಮಳೆಗೆ ಮೊದಲು ಸುರಂಗ ಬದಲಿಸಿದ ಹಾಗೆಲ್ಲ, ಮೇಸ್ತ್ರಿ ಒಂದೊಂದಾಗಿ ಇಪ್ಪತ್ತು ನಂಬರುಗಳನ್ನೂ ಪಿಕ್ಕಾಸಿನಿಂದ ಕೆತ್ತಿ ತೆಗೆದ.

ಆ ಸೋಮವಾರ ಸಂಜೆ ಗುಡ್ಡ ಇಳಿಯುವಾಗ ಯಜಮಾನರು ಗೇಟಿನ ಹತ್ತಿರ ನಿಂತಿದ್ದರು. ಉಸಿರು ಪುನಃ ಕಟ್ಟುತ್ತಿತ್ತು. ಅಧಿಕಾರಿಯನ್ನು ಕರೆಸಿದ್ದು ನಾನೆಂದು ತಿಳಿದೂ ಬೈಯಲಿಲ್ಲ. ನೊಂದವರ ಹಾಗೆ ಕಂಡರು.

“ನೀವು ಸುಳ್ಳು ಹೇಳ್ಬಾರ್ದಿತ್ತು ಟೀಚರೆ,” ಎಂದರು. “ಮಧ್ಯಾಹ್ನದಿಂದ ಸಂಜೆವರೆಗೆ ಹೊಗೆ ಹಾಕಿದ್ರು. ನಿಮ್ಮ ಹದಿನೇಳರಲ್ಲಿ ಎಂತ ಇರ್ಲಿಲ್ಲ. ಬರೀ ಬಾವಲಿ. ಖಾಲಿ.”

ಅವರ ಮುಖಕ್ಕೆ ಉಗಿಯಬೇಕೆನಿಸಿತು. ಬಸ್ಸಿನಲ್ಲಿ ಕೂತು, ದಿನದ ಬರಹ ಮುಗಿಸಲು ಪುಸ್ತಕ ತೆರೆದೆ. ಬಿದಿರ ಮೆಳೆಯ ಸುರಂಗದ ಪುಟದಲ್ಲಿ ಡಿಸೆಂಬರಿನಿಂದ ಏಪ್ರಿಲಿನವರೆಗೆ, ಒಂದು ದಿನವೂ ತಪ್ಪದೆ, ಅವರು ಹೇಳಿದ ಅದೇ ಪದ ಇತ್ತು, ‘ಖಾಲಿ’. ಅಕ್ಷರ ನನ್ನದು.